138 ಭಾಗ ಆಗಿದೆ ಕಥೆ, ಹೇಗೆ ಜೋಡಿಸಿಟ್ರೆ ಓದ್ತೀರ ಹೇಳಿ

ಕೊಬ್ಬರಿ_ಹೋಳು

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಆನ್‌ಲೈನಲ್ಲಿ ಒಂದು ಧಾರಾವಾಹಿ ಬರೀತಿದೀನಿ, ಸೋಮವಾರ ಒಂದು ಭಾಗ ಗುರುವಾರ ಒಂದು ಭಾಗ, ಮಧ್ಯ ಮಧ್ಯ ರಜಾನೂ ಹಾಕಿದೀನಿ. ತಿಪಟೂರಲ್ಲಿ ಕೊಬ್ಬರಿ ಮಂಡಿ ಇಟ್ಕೊಂಡಿರೋ ಒಂದು ಮನೆ, ಮೂರು ತಲೆಮಾರು, 1972ರಿಂದ ಶುರು. ನಲವತ್ತು ಭಾಗಕ್ಕೆ ಮುಗಿಸಿಬಿಡ್ತೀನಿ ಅಂದ್ಕೊಂಡು ಕೂತವಳು ಈಗ 138ಕ್ಕೆ ಬಂದು ನಿಂತಿದೀನಿ. ನಮ್ಮಮ್ಮ ಕೇಳ್ತಾರೆ ಆ ಮನೆಯೋರಿಗೆ ಸಾವೇ ಇಲ್ವೇನೇ ಅಂತ.

ಈಗ ವಿಷಯಕ್ಕೆ ಬರ್ತೀನಿ. ಮೊದಲಿಂದ ಜೊತೇಲಿ ಓದ್ಕೊಂಡು ಬಂದೋರಿಗೆ ಏನೂ ತೊಂದರೆ ಇಲ್ಲ. ಹೊಸದಾಗಿ ಬರೋರು ಮಾತ್ರ ಒಂದು ಹತ್ತು ಭಾಗ ಓದಿ ಮಾಯ ಆಗ್ತಿದಾರೆ. ಹೋದ ವಾರ ಒಬ್ಬರು ಕಾಮೆಂಟ್ ಹಾಕಿದ್ರು, "ಮೇಡಂ, ಅಜ್ಜಿ ಯಾವಾಗ ಸತ್ರು? ನಾನು ಎಲ್ಲಾ ಭಾಗಾನೂ ಓದಿದೀನಿ." ನೋಡಿದ್ರೆ ತಪ್ಪು ನಂದೇ. 57 ಅನ್ನೋ ನಂಬರನ್ನ ಎರಡು ಭಾಗಕ್ಕೆ ಹಾಕಿದೀನಿ, ಅವರು ಒಂದನ್ನ ಮಾತ್ರ ಓದಿ ಮುಂದಕ್ಕೆ ಹೋಗಿದಾರೆ. ಅದು ಸಾಲದು ಅಂತ 84 ಆದ್ಮೇಲೆ ಅಜ್ಜಿಯ ಹಳೇ ಕಥೆಯನ್ನ "ಹಿನ್ನೋಟ" ಅಂತ ಬೇರೆ ಹೆಸರಲ್ಲಿ ಹನ್ನೊಂದು ಭಾಗ ಬರೆದೆ, ಅದಕ್ಕೆ ಮತ್ತೆ 1ರಿಂದ ನಂಬರು. ಯುಗಾದಿಗೆ ಒಂದು ವಿಶೇಷ ಭಾಗ, ಅದಕ್ಕೆ ನಂಬರೇ ಇಲ್ಲ. ಇದರ ಮೇಲೆ ತಾತನ ಹೆಸರೂ ಶಿವಣ್ಣ, ಮೊಮ್ಮಗನ ಹೆಸರೂ ಶಿವಣ್ಣ... ನಮ್ಮ ಕಡೆ ಹಾಗೇ ತಾನೇ ಇಡೋದು, ಬರೆಯೋವಾಗ ನಂಗೇನೂ ಅನ್ನಿಸಲಿಲ್ಲ.

ಓದೋರಾಗಿ ನಿಮಗೆ ಹೇಗಿದ್ರೆ ಇಷ್ಟ? ಸಣ್ಣ ಸಣ್ಣ ಭಾಗ ಹೀಗೇ ಇರಲಾ, ಇಲ್ಲ ನಾಲ್ಕೈದನ್ನ ಸೇರಿಸಿ ಒಂದು ಅಧ್ಯಾಯ ಮಾಡಲಾ? ಮೇಲ್ಗಡೆ "ಇಲ್ಲಿಯವರೆಗೆ" ಅಂತ ಬರೆದ್ರೆ ಓದ್ತೀರಾ ಅಥವಾ ಹಾರಿಸ್ತೀರಾ? ಹಿನ್ನೋಟನ ಎಲ್ಲಿಡಲಿ? ಬೈದ್ರೂ ಪರವಾಗಿಲ್ಲ, ನಿಜ ಹೇಳಿ.

ರಾತ್ರಿಪಾಳಿ

ಅಕ್ಕ ನಾನು ಪೀಣ್ಯದಲ್ಲಿ ನೈಟ್ ಶಿಫ್ಟ್. ರಾತ್ರಿ ಎರಡೂವರೆಗೆ ಹದಿನೈದು ನಿಮಿಷ ಟೀ ಬ್ರೇಕು, ಅದರಲ್ಲಿ ಟೀಗೆ ಐದು ನಿಮಿಷ, ಕಥೆಗೆ ಹತ್ತು ನಿಮಿಷ. ಎಂಟುನೂರು ಒಂಬೈನೂರು ಪದದ ಭಾಗ ಇದ್ರೆ ಕರೆಕ್ಟಾಗಿ ಗ್ಲಾಸ್ ಕೆಳಗಿಡೋವಾಗ ಮುಗಿಯುತ್ತೆ. ಆದ್ರೆ ಕೆಲವರು ಒಂದು ದಿನ ಮುನ್ನೂರು ಪದ ಹಾಕ್ತಾರೆ, ಇನ್ನೊಂದು ದಿನ ಮೂರು ಸಾವಿರ. ಮೂರು ಸಾವಿರದ್ದು ಮಧ್ಯದಲ್ಲಿ ಬೆಲ್ ಹೊಡೆದ್ರೆ ಮತ್ತೆ ಬೆಳಿಗ್ಗೆ ಬಸ್ಸಲ್ಲಿ ಎಲ್ಲಿ ನಿಲ್ಲಿಸಿದ್ದೆ ಅಂತ ಹುಡುಕೋದೇ ಕೆಲಸ, ಅಷ್ಟೊತ್ತಿಗೆ ನಿದ್ದೆ ಬಂದಿರುತ್ತೆ. ಉದ್ದ ಎಷ್ಟಾದ್ರೂ ಇರಲಿ, ದಿನಾ ಒಂದೇ ಥರ ಇರಲಿ ಅಷ್ಟೇ.

ಇನ್ನೊಂದು, ದಯವಿಟ್ಟು ಕಥೆಗಿಂತ ಮುಂಚೆ ಭಾಷಣ ಬೇಡ. ನಾನು ಓದ್ತಿದ್ದ ಒಂದು ಕಥೇಲಿ ಪ್ರತಿ ಭಾಗದಲ್ಲೂ ಮೇಲೆ ಹದಿನೈದು ಸಾಲು, ಸ್ಟಿಕರ್ ಕೊಟ್ಟೋರಿಗೆ ಧನ್ಯವಾದ, ರೇಟಿಂಗ್ ಕೊಡದೇ ಹೋಗೋರಿಗೆ ಒಂದು ಮಾತು, ನಮ್ಮ ಮನೇಲಿ ಕರೆಂಟಿಲ್ಲ ಅದಕ್ಕೇ ಲೇಟು, ಹೀಗೆ. ಹೆಬ್ಬೆರಳು ನೋಯೋವರೆಗೂ ಸ್ಕ್ರೋಲ್ ಮಾಡಿದ್ರೆ ಕಥೆ ಸಿಗೋದು. ಹೇಳೋದಿದ್ರೆ ಕೆಳಗೆ ಹೇಳಿ, ಓದಿ ಖುಷಿಯಾಗಿರ್ತೀವಿ, ಆವಾಗ ಕೇಳಿಸ್ಕೋತೀವಿ. ಮುಂದಿನ ಭಾಗದ ಲಿಂಕೂ ಕೆಳಗೇ ಇರಲಿ.

"ಇಲ್ಲಿಯವರೆಗೆ" ನಂಗೆ ಬೇಡಪ್ಪ. ಟಿವಿ ಸೀರಿಯಲಲ್ಲಿ ನಿನ್ನೆ ಹೊಡೆದ ಕಪಾಳಕ್ಕೆ ಇವತ್ತೂ ಮೂರು ಸಲ ಹೊಡೀತಾರಲ್ಲ ಹಾಗಾಗುತ್ತೆ.

ಆಗುಂಬೆ_ಕೊಡೆ

ಮೇಲಿನವರು ದಿನಾ ಒಂದು ತುತ್ತು ಉಣ್ಣೋರು, ನಾನು ಎಲೆ ತುಂಬಾ ಬಡಿಸಿದ ಮೇಲೇ ಕೂರೋಳು. ಕಥೆ ಮುಗಿಯೋವರೆಗೂ ಮುಟ್ಟೋದಿಲ್ಲ ನಾನು. ನಿಮ್ಮ ತಿಪಟೂರು ಕಡೆ ಉಂಡೆ ಕೊಬ್ಬರಿ ಆಗೋಕೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತಿರುತ್ತಲ್ಲ, ನನ್ನ ಲಿಸ್ಟಲ್ಲಿ ನಿಮ್ಮ ಕಥೆಯೂ ಹಾಗೇ ಕೂತಿದೆ, ಇನ್ನೂ ಇಳಿಸಿಲ್ಲ.

ಸೋಮಾರಿತನ ಅಂದ್ಕೋಬೇಡಿ. ನಮ್ಮ ಮನೆ ಇರೋದು ತೀರ್ಥಹಳ್ಳಿಯಿಂದ ಒಳಗೆ, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತೆ. ಗುಡ್ಡದ ಮೇಲೆ ಹೋಗಿ ನಿಂತಾಗ ಎರಡು ಕಡ್ಡಿ ನೆಟ್‌ವರ್ಕ್ ಸಿಕ್ಕಿದ್ರೆ ಒಂದೇ ಸಲ ಇಳಿಸ್ಕೊಂಡು ಬರಬೇಕು. 138 ಸಲ ಮುಂದಿನ ಭಾಗ ಒತ್ತಿ, 138 ಸಲ ಆ ಉಂಗುರ ತಿರುಗೋದನ್ನ ನೋಡ್ತಾ ಜಿಗಣೆ ಹತ್ತಿಸ್ಕೊಂಡು ನಿಲ್ಲೋಕಾಗಲ್ಲ. ಹತ್ತು ಭಾಗ ಸೇರಿಸಿ ಒಂದು ಪುಟ ಮಾಡಿ, ಇಲ್ಲಾಂದ್ರೆ ಇಪಬ್ (ಇ-ಪುಸ್ತಕದ ಫೈಲು) ಕೊಡಿ, ಮೊಬೈಲಲ್ಲಿ ಹಾಕ್ಕೊಂಡು ಅಡಿಕೆ ಒಲೆ ಮುಂದೆ ಕೂತು ಓದ್ತೀನಿ.

ನಮ್ಮಜ್ಜಿ ಸುಧಾ ವಾರಪತ್ರಿಕೆ ತರಿಸ್ತಿದ್ರು. ವಾರ ವಾರ ಓದೋರು, ಆದ್ರೆ ಅಷ್ಟಕ್ಕೇ ಬಿಡ್ತಿರ್ಲಿಲ್ಲ. ಧಾರಾವಾಹಿ ಪುಟಾನ ಮಾತ್ರ ಪಿನ್ನು ಬಿಚ್ಚಿ ಹುಷಾರಾಗಿ ತೆಗೆದು ಟ್ರಂಕಲ್ಲಿ ಇಡೋರು, ಮುಗಿದ ಮೇಲೆ ದಬ್ಬಳದಲ್ಲಿ ತೂತು ಮಾಡಿ ಗೋಣಿದಾರ ಹಾಕಿ ಹೊಲಿದು ಮೇಲೆ ಹಳೇ ಕ್ಯಾಲೆಂಡರಿನ ರಟ್ಟು. ಹಿಂದಿನ ಪುಟದಲ್ಲಿ ಅರ್ಧ ಮಾವಿನಕಾಯಿ ತೊಕ್ಕು, ಅರ್ಧ ವಾರಭವಿಷ್ಯ. ನಾನು ಹೈಸ್ಕೂಲಲ್ಲಿದ್ದಾಗ ಅಂಥ ಏಳೆಂಟು ಕಟ್ಟು ಓದಿದೀನಿ. ಒಂದರಲ್ಲಿ ಇಪ್ಪತ್ತಾರನೇ ಕಂತೇ ಇಲ್ಲ, ಪಕ್ಕದ ಮನೆಯೋರು ಓದೋಕೆ ಇಸ್ಕೊಂಡು ಹೋಗಿ ಅದರಲ್ಲಿ ಅವಲಕ್ಕಿ ಕಟ್ಟಿ ಯಾರಿಗೋ ಕಳಿಸಿದ್ರಂತೆ. ಅಜ್ಜಿ ಏನು ಮಾಡಿದ್ರು ಗೊತ್ತಾ, ಆ ಜಾಗದಲ್ಲಿ ಒಂದು ಬಿಳಿ ಹಾಳೆ ಹೊಲಿದು ಅದರ ಮೇಲೆ ಪೆನ್ಸಿಲಲ್ಲಿ ಆ ಕಂತಲ್ಲಿ ಏನಾಯ್ತು ಅಂತ ನೆನಪಿರೋಷ್ಟು ಆರು ಸಾಲು ಬರೆದಿಟ್ಟಿದ್ರು. ನಂಗೆ ಆ ಕಾದಂಬರೀಲಿ ಈಗ ನೆನಪಿರೋದು ಆ ಆರು ಸಾಲೇ.

ಅದಕ್ಕೇ ಹೇಳೋದು, ಇಲ್ಲಿಯವರೆಗೆ ಬೇಕು. ಪ್ರತಿ ಭಾಗಕ್ಕಲ್ಲ, ಹತ್ತು ಭಾಗಕ್ಕೊಂದು.

ಗದಗ_ಮಾಸ್ತರ

ನೋಡ್ರಿ, ಈ ಸಮಸ್ಯಾ ಹೊಸಾದೇನಲ್ಲ. ನಮ್ಮ ಊರಾಗ ವೀರನಾರಾಯಣನ ಗುಡಿಯೊಳಗ ಕೂತು ಕುಮಾರವ್ಯಾಸ ಭಾರತ ಬರದಾನ ಅಂತ ಹೇಳತಾರಲ್ಲ, ಅವಂದು ಹತ್ತು ಪರ್ವ, ನೂರೈವತ್ತರ ಆಸುಪಾಸು ಸಂಧಿ, ಅಂದ್ರ ಅಧ್ಯಾಯ. ನಿಮ್ಮ 138ಕ್ಕ ಸನೇಕ ಅದ. ಪ್ರತಿ ಸಂಧಿ ಶುರುವಾಗೂ ಮುಂಚೆ ಅವ ಏನು ಮಾಡತಾನ? "ಸೂಚನೆ" ಅಂತ ಒಂದು ಸಣ್ಣ ಪದ್ಯಾ ಇಡತಾನ. ಆ ಸಂಧಿಯೊಳಗ ಏನು ನಡೀತದ ಅನ್ನೂದನ್ನ ಅಷ್ಟರೊಳಗ ಹೇಳಿಬಿಡತಾನ. ಕಾವ್ಯಾ ರಾಗದೊಳಗ ಓದೂ ಗಮಕಿ ಮೊದಲ ಅದನ್ನ ಹಾಡತಾನ, ಆಮ್ಯಾಲೆ ಕಥಿ. ಹಿಂದಿನ ದಿನಾ ಬರಲಾರದವರು, ತಡಾ ಆಗಿ ಬಂದವರು, ಹೊಲದಾಗಿಂದ ಸೀದಾ ಬಂದು ಕಂಬಕ್ಕ ಒರಗಿ ಕೂತವರು, ಎಲ್ಲಾರಿಗೂ ಇವತ್ತು ಎಲ್ಲಿದ್ದೇವಿ ಅಂತ ತಿಳೀತದ.

ಇಲ್ಲೊಂದು ಮಾತು ಲಕ್ಷ್ಯಕ್ಕ ತಗೋರಿ. ನಿಮ್ಮ "ಇಲ್ಲಿಯವರೆಗೆ" ಹಿಂದ ನೋಡತದ. ಸೂಚನೆ ಮುಂದ ನೋಡತದ. ಈಗಿನವರು ಅಯ್ಯೋ ಸ್ಪಾಯ್ಲರ್ ಅಂತ ಬಾಯಿ ಬಡಕೋತಾರ. ಅಲ್ರೀ, ಕರ್ಣ ಸಾಯತಾನ ಅಂತ ಗೊತ್ತಿದ್ದವರೇ ಕರ್ಣಪರ್ವ ಕೇಳಲಿಕ್ಕೆ ಬಂದು ಕಣ್ಣೀರು ಹಾಕತಿದ್ರು. ಏನಾಗ್ತದ ಅನ್ನೂದು ಗೊತ್ತಾದ್ರ ಹ್ಯಾಂಗಾಗ್ತದ ಅನ್ನೂದರ ಮ್ಯಾಲೆ ಜೀವಾ ಇಟ್ಟು ಕೇಳಬಹುದು. ನಿಮ್ಮ ಕಥಿಯೊಳಗ ಗುಟ್ಟು ಇದ್ರ ಅದನ್ನ ಬಿಟ್ಟು ಸೂಚನೆ ಬರೀರಿ, ಆದ್ರ ಪ್ರತಿ ಭಾಗಕ್ಕ ಹೆಸರು ಇರಲೇಬೇಕು. ಬರೇ "ಭಾಗ 73" ಅಂದ್ರ ಏನು? ಆಸ್ಪತ್ರಿ ಟೋಕನ್ ಇದ್ದಂಗ ಆತು. "ಗಂಗಮ್ಮ ಕೀಲಿ ಕೊಟ್ಟಳು" ಅಂತ ಇದ್ರ ಆರು ತಿಂಗಳ ಬಿಟ್ಟು ಬಂದ್ರೂ ನಾ ಹುಡುಕತೇನಿ.

ಮತ್ತ ಎಲ್ಲಾ ಭಾಗ ಒಂದೇ ಅಳತಿ ಇರಬೇಕು ಅನ್ನೂ ನೈಟ್ ಶಿಫ್ಟ್ ತಮ್ಮಾ, ನಿನ್ನ ಕಷ್ಟ ತಿಳೀತದ, ಆದ್ರ ಕಥಿ ಅಂಗಿ ಅಲ್ಲಪಾ ಅಳತಿ ಹಿಡದು ಹೊಲೀಲಿಕ್ಕೆ. ಗಮಕಿನೂ ರಾಗ ನಿಂತಲ್ಲೆ ನಿಲ್ಲಸತಾನ, ಗಡಿಯಾರ ನೋಡಿ ಅಲ್ಲ.

ರಾತ್ರಿಪಾಳಿ

ಮಾಸ್ತರೆ, ಗಮಕಿಗೆ ಸೂಪರ್‌ವೈಸರ್ ಇರಲ್ವಲ್ಲ 😄

ಕಿವಿಯಲ್ಲಿ_ಓದೋನು

ನಾನು ಕಣ್ಣು ಕಾಣದವನು, ಮೊಬೈಲಲ್ಲಿ ಪರದೆ ಮೇಲಿರೋದನ್ನ ಓದಿ ಹೇಳೋ ಟಾಕ್‌ಬ್ಯಾಕ್ ಹಾಕ್ಕೊಂಡು ಕಥೆ ಕೇಳ್ತೀನಿ. ಕನ್ನಡ ಧ್ವನಿ ಈಗ ಪರವಾಗಿಲ್ಲ, ಮೊದಲಿನಷ್ಟು ರೋಬೋ ಥರ ಇಲ್ಲ. ನಿಮ್ಮ ಕಥೆ 30ನೇ ಭಾಗದವರೆಗೆ ಕೇಳಿದೀನಿ, ಮಂಡಿಯಲ್ಲಿ ಹರಾಜು ನಡೆಯೋ ಭಾಗ ಎರಡು ಸಲ ಕೇಳಿದೆ. ಆಮೇಲೆ ಬಿಟ್ಟೆ, ಕಾರಣ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ.

ನೀವು ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗೋವಾಗ ಒಂದು ಸಾಲು ತುಂಬಾ ನಕ್ಷತ್ರ ಹಾಕ್ತೀರ. ನಿಮಗೆ ಅದು ಅಂದ, ನನಗೆ ಅದು "ಸ್ಟಾರ್ ಸ್ಟಾರ್ ಸ್ಟಾರ್ ಸ್ಟಾರ್". ಗಂಗಮ್ಮ ಮಗನ ಹೆಣದ ಮುಂದೆ ಕೂತಿದಾಳೆ, ನಾನು ಕತ್ತಲಲ್ಲಿ ಗಂಟಲು ಕಟ್ಟಿ ಕೂತಿದೀನಿ, ಆಗ ಸ್ಟಾರ್ ಸ್ಟಾರ್ ಸ್ಟಾರ್. ನಗು ಬಂತು, ಆಮೇಲೆ ನಕ್ಕಿದ್ದಕ್ಕೆ ಬೇಜಾರಾಯ್ತು. ಒಂದೇ ಒಂದು ಚಿಹ್ನೆ ಹಾಕಿ, ಇಲ್ಲ ಸಣ್ಣದೊಂದು ಶೀರ್ಷಿಕೆ ಕೊಡಿ.

ಇನ್ನು ಭಾಗದ ಸಂಖ್ಯೆ ನೀವು ತೆಂಗಿನಮರದ ಚಿತ್ರದ ಮೇಲೆ ಬರೆದು ಹಾಕ್ತೀರಂತೆ, ನನ್ನ ತಂಗಿ ಹೇಳಿದ್ಲು. ಚಿತ್ರದೊಳಗಿರೋ ಸಂಖ್ಯೆ ನನ್ನ ಫೋನ್ ಓದಲ್ಲ. ಮೂವತ್ತಾದ್ಮೇಲೆ ಮೂವತ್ತೊಂದು ಯಾವುದು ಅಂತಲೇ ಗೊತ್ತಾಗಲಿಲ್ಲ ನಂಗೆ. ಅಕ್ಷರದಲ್ಲೂ ಒಂದು ಸಲ ಬರೀರಿ ಸಾಕು. ಮತ್ತೆ ಹತ್ತು ಭಾಗ ಒಂದೇ ಪುಟದಲ್ಲಿ ಇಟ್ರೆ ನನಗೂ ಅನುಕೂಲವೇ, ಆದ್ರೆ ಪ್ರತಿ ಭಾಗದ ಹೆಸರನ್ನ ಹೆಡಿಂಗ್ ಅಂತ ಆಯ್ಕೆ ಮಾಡಿ ಹಾಕಿ. ಬರೀ ಬೋಲ್ಡ್ ಮಾಡಿದ್ರೆ ಅದು ಕಾಣೋರಿಗೆ ಮಾತ್ರ ಹೆಡಿಂಗು. ಹೆಡಿಂಗ್ ಇದ್ರೆ ನಾನು ಬೆರಳು ಜಾರಿಸ್ಕೊಂಡು ಒಂದರಿಂದ ಒಂದಕ್ಕೆ ಹಾರಬಹುದು, ಇಲ್ಲಾಂದ್ರೆ ಮೊದಲಿಂದ ಕೇಳ್ತಾ ಬರಬೇಕು.

ಬಗ್_ಹುಡುಕಪ್ಪ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಹೆಡಿಂಗ್ ಸರಿಯಾಗಿ ಹಾಕಿದ್ರೆ ಅದರಿಂದಲೇ ಇಪಬ್‌ಗೆ ಪರಿವಿಡಿ ತಾನಾಗೇ ಬರುತ್ತೆ, ಕೊಡೆ ಅವರಿಗೂ ಗುಡ್ಡ ಹತ್ತೋದು ಒಂದೇ ಸಲ ಆಗುತ್ತೆ. ಒಂದು ಕೆಲಸದಲ್ಲಿ ಇಬ್ಬರಿಗೂ ಆಯ್ತು.

ನಂಬರ್ ಬಗ್ಗೆ ಹೇಳ್ತೀನಿ. ಫೈಲಿಗೆ 1, 2, 3 ಅಂತ ಹೆಸರಿಡಬೇಡಿ, ಕೆಲವು ಕಡೆ ಅದು 1 ಆದ್ಮೇಲೆ 10, ಆಮೇಲೆ 100, 101 ಅಂತ ಸಾಲು ನಿಲ್ಲುತ್ತೆ, 2 ಎಲ್ಲೋ ಕೆಳಗೆ ಹೋಗಿ ಬೀಳುತ್ತೆ. 001, 002 ಅಂತ ಇಡಿ. ಅರ್ಧ ಭಾಗಕ್ಕೆ ೧೨ ಅಂತ ಇನ್ನರ್ಧಕ್ಕೆ 12 ಅಂತ ಮಿಕ್ಸ್ ಮಾಡಿದ್ರಂತೂ ಮುಗೀತು ಕಥೆ. ಕನ್ನಡ ಅಂಕಿ ಮೇಲೆ ಪ್ರೀತಿ ಇದ್ರೆ ಎಲ್ಲದಕ್ಕೂ ಕನ್ನಡ ಅಂಕಿ ಹಾಕಿ, ಯಾರೂ ಬೇಡ ಅನ್ನಲ್ಲ.

ಎಲ್ಲಕ್ಕಿಂತ ಮುಖ್ಯ, ಹಳೇ ಭಾಗ ಡಿಲೀಟ್ ಮಾಡಿ ಹೊಸದಾಗಿ ಹಾಕೋ ಐಡಿಯಾ ಇದ್ರೆ ಈಗಲೇ ಬಿಟ್ಬಿಡಿ. ಯಾರೋ ವಾಟ್ಸಾಪಲ್ಲಿ ಚಿಕ್ಕಮ್ಮನಿಗೆ ಕಳಿಸಿರೋ ಲಿಂಕು ಸತ್ತೋಗುತ್ತೆ, ಕಾಮೆಂಟೂ ಹೋಗುತ್ತೆ. ನಾನೇ ಒಂದು ಸಲ ನನ್ನ ಟ್ರೆಕಿಂಗ್ ಕಥೆಗಳನ್ನ ಅಚ್ಚುಕಟ್ಟು ಮಾಡ್ತೀನಿ ಅಂತ ಹೋಗಿ ನಾಲ್ಕು ವರ್ಷದ ಕಾಮೆಂಟು ಕಳ್ಕೊಂಡೆ, ಅದರಲ್ಲಿ ನಮ್ಮಪ್ಪ ಬರೆದಿದ್ದ ಒಂದೇ ಒಂದು ಕಾಮೆಂಟೂ ಇತ್ತು. ಹಳೇದು ಎಲ್ಲಿದೆಯೋ ಅಲ್ಲೇ ಇರಲಿ. ಪರಿವಿಡಿ ಅಂತ ಹೊಸದೊಂದು ಪುಟ ಮಾಡಿ, ಅದರಲ್ಲಿ ಸರಿಯಾದ ಕ್ರಮದಲ್ಲಿ ಲಿಂಕ್ ಕೊಡಿ, ಪ್ರತಿ ಭಾಗದ ಕೆಳಗೂ ಆ ಪುಟದ ಲಿಂಕ್ ಹಾಕಿ. ಎರಡು 57 ಇದ್ಯಲ್ಲ, ಅದನ್ನ 57ಅ, 57ಆ ಮಾಡಿ. 58ರಿಂದ 138ರವರೆಗೆ ಎಲ್ಲಾ ನಂಬರ್ ಒಂದೊಂದು ಮುಂದೆ ತಳ್ಳೋಕೆ ಮಾತ್ರ ಹೋಗಬೇಡಿ, 88ನೇ ಭಾಗದಲ್ಲಿ ಅಂತ ಜನ ಕಾಮೆಂಟಲ್ಲಿ ಮಾತಾಡಿರೋದೆಲ್ಲ ತಪ್ಪಾಗುತ್ತೆ.

ಕೊನೇದು, ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲ್ ಇದ್ರೆ ಎಲ್ಲಾ ಫೋನಲ್ಲೂ ಕನ್ನಡವಾಗೇ ಕಾಣೋ ಯೂನಿಕೋಡಿಗೆ ಬದಲಾಯಿಸಿ ಆಮೇಲೆ ಹಾಕಿ. ನೇರ ಪೇಸ್ಟ್ ಮಾಡಿದ್ರೆ ಓದೋರಿಗೆ ಬರೀ ಇಂಗ್ಲಿಷ್ ಅಕ್ಷರದ ಚಿತ್ರಾನ್ನ ಕಾಣುತ್ತೆ.

ಮಧ್ಯಾಹ್ನದ_ನಿದ್ದೆ

ನಾನು ಮೊದಲನೇ ಭಾಗದಿಂದ ಓದ್ತಿರೋಳು, ನನ್ನ ಮಾತೂ ಸ್ವಲ್ಪ ಕೇಳಿ. ಎಲ್ಲರೂ ಹೊಸಬರ ಬಗ್ಗೆನೇ ಯೋಚ್ನೆ ಮಾಡ್ತಿದೀರ. ಹಿನ್ನೋಟ ಹನ್ನೊಂದೂ 1972ಕ್ಕಿಂತ ಹಿಂದಿಂದು ಅಂತ ಅದನ್ನ ತಗೊಂಡೋಗಿ ಮೊದಲಲ್ಲಿ ಇಟ್ಬಿಟ್ರೆ ಕಥೆ ಕೆಟ್ಟೋಗುತ್ತೆ. ಕಿರ್ದಿ ಪುಸ್ತಕ ಯಾರು ಬಚ್ಚಿಟ್ಟಿದ್ದು ಅಂತ ನಾವು ಎಂಬತ್ತು ಭಾಗ ತಲೆ ಕೆಡಿಸ್ಕೊಂಡಿದೀವಿ, ನಾನಂತೂ ದೊಡ್ಡ ಸೊಸೆ ಮೇಲೇ ಅನುಮಾನ ಪಟ್ಟು ಅವಳನ್ನ ಬೈದು ಕಾಮೆಂಟ್ ಹಾಕಿದೀನಿ. ಹಿನ್ನೋಟ ಮೊದಲೇ ಓದಿದೋರಿಗೆ ಅನುಮಾನವೇ ಬರಲ್ಲ, ಆ ಸೊಸೆ ಪಾಪ ಸುಮ್ಮನೆ ಅಡುಗೆ ಮನೇಲಿ ಓಡಾಡ್ಕೊಂಡಿರ್ತಾಳೆ ಅಷ್ಟೇ. ನೀವು ಬರೆದ ಕ್ರಮದಲ್ಲೇ ಓದಬೇಕು, 84 ಆದ್ಮೇಲೆ ಹಿನ್ನೋಟ, ಆಮೇಲೆ 85. ಮಾಸ್ತರು ಕರ್ಣನ ಉದಾಹರಣೆ ಕೊಟ್ರು ಸರಿ, ಆದ್ರೆ ಕರ್ಣನ ಕಥೆ ಕೇಳೋಕೆ ಬಂದೋರು ಚಿಕ್ಕಂದಿನಿಂದ ಕೇಳಿದ್ದೋರು. ಗಂಗಮ್ಮನ ಕಥೆ ಯಾರಿಗೆ ಗೊತ್ತಿತ್ತು?

ಆದ್ರೆ ವಂಶವೃಕ್ಷ ಒಂದು ಬೇಕೇ ಬೇಕು ಕಣ್ರೀ. ನಾನು ಹಾಲಿನ ಲೆಕ್ಕ ಬರೆಯೋ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರ್ಕೊಂಡಿದೀನಿ, ದೊಡ್ಡ ಶಿವಣ್ಣ, ಸಣ್ಣ ಶಿವಣ್ಣ, ಯಾರ ಹೆಂಡತಿ ಯಾರು, ಯಾರು ಹೋದ್ರು ಅಂತ. ಹೋದೋರ ಹೆಸರಿಗೆ ಒಂದು ಗೆರೆ ಎಳೆದಿದೀನಿ. ಮೊನ್ನೆ ನಮ್ಮನೆಯೋರು ಹಾಲಿನ ಲೆಕ್ಕ ನೋಡೋಕೆ ಹೋಗಿ ಅದನ್ನ ನೋಡಿ ಯಾರೇ ಇವರೆಲ್ಲ, ಇಷ್ಟು ಜನ ಯಾವಾಗ ಸತ್ರು ಅಂತ ಗಾಬರಿ ಆಗಿಬಿಟ್ರು.

ಆಗುಂಬೆ_ಕೊಡೆ

ಹಿನ್ನೋಟದ ವಿಷಯದಲ್ಲಿ ನಿದ್ದೆ ಅಕ್ಕನ ಪರ ನಾನು. ವಂಶವೃಕ್ಷದಲ್ಲಿ ಮಾತ್ರ ಯಾರು ಸತ್ರು ಅಂತ ಹಾಕಬೇಡಿ, ನಾನಿನ್ನೂ ಓದಿಲ್ಲ. ಈಗಲೇ ಅಜ್ಜಿ ಹೋಗ್ತಾರೆ, ಒಬ್ಬ ಮಗ ಹೋಗ್ತಾನೆ ಅಂತ ಇಲ್ಲೇ ಗೊತ್ತಾಯ್ತು.

ಕಿವಿಯಲ್ಲಿ_ಓದೋನು

ಕ್ಷಮಿಸಿ, ಮಗನ ವಿಷಯ ಹೇಳಿದ್ದು ನಾನು.

ಗದಗ_ಮಾಸ್ತರ

ಇರಲಿ ತಗೋರಿ. ಆದ್ರ ನಿದ್ದಿ ಅಕ್ಕಾವರು ಹೇಳಿದ್ದು ಖರೇ ಅದ, ಒಪ್ಪಿದೆ. ಕೇಳದ ಕಥಿಗೆ ಸೂಚನೆ ಬ್ಯಾರೆ, ಕೇಳಿದ ಕಥಿಗೆ ಬ್ಯಾರೆ. ಹೆಸರಾದ್ರೂ ಇಡ್ರಿ ಭಾಗಗಳಿಗೆ.

ಕೊಬ್ಬರಿ_ಹೋಳು

ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಎರಡು ದಿನ ಕೂತು ಒಂದು ಪರಿವಿಡಿ ಪುಟ ಮಾಡಿದೆ. ಹೆಸರಿಡೋದೇ ಕಷ್ಟದ ಕೆಲಸ ಆಯ್ತು, ಯಾಕಂದ್ರೆ ಹೆಸರು ಇಡಬೇಕಾದ್ರೆ ಆ ಭಾಗದಲ್ಲಿ ಏನಾದ್ರೂ ಆಗಿರಬೇಕಲ್ಲ! 41ರಿಂದ 46ರವರೆಗೆ ಆರು ಭಾಗ ಓದಿ ಏನೂ ಹೆಸರು ಹೊಳೀಲಿಲ್ಲ, ಆರರಲ್ಲೂ ಬರೀ ಜಗಲಿ ಮೇಲೆ ಕೂತು ಕಾಫಿ ಕುಡಿದಿದಾರೆ. ಆ ಆರನ್ನ ಒಂದೇ ಪುಟಕ್ಕೆ ಸೇರಿಸಿ "ಮಳೆ ಬಾರದ ವರ್ಷ" ಅಂತ ಇಟ್ಟೆ. ಹಳೇ ಆರು ಅಲ್ಲೇ ಇವೆ, ಅಳಿಸಿಲ್ಲ ಬಗ್ ಸರ್.

ನಕ್ಷತ್ರ ತೆಗೀತಿದೀನಿ, 52ನೇ ಭಾಗದವರೆಗೆ ಆಗಿದೆ. ಕಿವಿಯಲ್ಲಿ ಓದೋ ಸರ್, 31 ಯಾವುದು ಅಂತ ಅಕ್ಷರದಲ್ಲೇ ಬರೆದಿದೀನಿ, ದಯವಿಟ್ಟು ಮತ್ತೆ ಬನ್ನಿ. ನನ್ನ ಮಾತು, ಹಬ್ಬದ ಶುಭಾಶಯ ಎಲ್ಲಾ ಕೆಳಗೆ ಹೋಯ್ತು. ಇಲ್ಲಿಯವರೆಗೆ ಅನ್ನೋದು ಹತ್ತಕ್ಕೊಂದು, ಆರೇ ಸಾಲು, ಕೊಡೆ ಅವರ ಅಜ್ಜಿ ಲೆಕ್ಕ. ಅದನ್ನ ಭಾಗದೊಳಗೆ ಹಾಕಿಲ್ಲ, ಪರಿವಿಡೀಲಿ ಇಟ್ಟಿದೀನಿ, ಬೇಡದೋರು ನೋಡಬೇಕಾಗೇ ಇಲ್ಲ. ಮೊಮ್ಮಗ ಇನ್ಮೇಲೆ ಎಲ್ಲಾ ಕಡೆ ಸಣ್ಣ ಶಿವಣ್ಣ. ಭಾಗದ ಉದ್ದ ಮಾತ್ರ ಒಂದೇ ಅಳತೆಗೆ ತರೋಕೆ ಆಗ್ತಿಲ್ಲ ತಮ್ಮ, ಅದಕ್ಕೇ ಪರಿವಿಡೀಲಿ ಪ್ರತಿ ಹೆಸರಿನ ಮುಂದೆ ಎಷ್ಟು ನಿಮಿಷದ್ದು ಅಂತ ಹಾಕಿದೀನಿ, ಟೀ ತಗೊಳ್ಳೋ ಮುಂಚೆ ನೋಡ್ಕೊಳ್ಳಿ.

ನಿದ್ದೆ ಅಕ್ಕ, ನಿಮ್ಮ ನೋಟ್‌ಬುಕ್ಕಿನ ಆ ಪುಟದ ಫೋಟೋ ಕಳಿಸ್ತೀರಾ? ನಾನು ಮಾಡಿದ ವಂಶವೃಕ್ಷದಲ್ಲಿ ದೊಡ್ಡ ಸೊಸೆಯ ತವರು ಒಂದು ಕಡೆ ಅರಸೀಕೆರೆ, ಇನ್ನೊಂದು ಕಡೆ ಚಿಕ್ಕನಾಯಕನಹಳ್ಳಿ ಅಂತ ಬಂದಿದೆ.

ಮಧ್ಯಾಹ್ನದ_ನಿದ್ದೆ

ಅರಸೀಕೆರೆ. 19ನೇ ಭಾಗದಲ್ಲಿ ಅವಳಣ್ಣ ರೈಲಲ್ಲಿ ಬಂದ. 102ರಲ್ಲಿ ನೀವು ತಪ್ಪು ಬರೆದಿದ್ರಿ, ಆವಾಗಲೇ ಹೇಳ್ಬೇಕು ಅಂದ್ಕೊಂಡೆ. ಫೋಟೋ ಕಳಿಸ್ತೀನಿ, ಪಕ್ಕದಲ್ಲಿರೋ ಹಾಲಿನ ಬಾಕಿ ನೋಡಬೇಡಿ.

ರಾತ್ರಿಪಾಳಿ

ಅಕ್ಕ ನಿಮಿಷ ಹಾಕಿರೋದು ಸೂಪರ್. ಅಂದಹಾಗೆ ಎರಡು 57ರಲ್ಲಿ ಯಾವುದು ಮೊದಲು? ನಾನೂ ಒಂದೇ ಓದಿರೋದು ಅನ್ಸುತ್ತೆ.

ಕೊಬ್ಬರಿ_ಹೋಳು

ಮಂಡಿ ಬೀಗ ಒಡೆಯೋದು 57ಅ, ಒಂಬತ್ತು ನಿಮಿಷ. 57ಆ ಅಜ್ಜಿಯದ್ದು, ಇಪ್ಪತ್ತು ನಿಮಿಷ, ಅದನ್ನ ಬ್ರೇಕಲ್ಲಿ ಓದಬೇಡಿ.